ವೇಷದ ಗೊಂಬೆ ಕಂಡರೆ ಬೆಚ್ಚುವ ಮಗು: ಯಾವ ದಾರಿ, ಯಾವಾಗ?

ನಮ್ಮ ಮಗಳಿಗೆ ಆಗ ಮೂರು ವರ್ಷ ತುಂಬಿ ಎರಡು ತಿಂಗಳು. ಒಂದು ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಬಾಗಿಲಲ್ಲೇ ಆಳೆತ್ತರದ ಕರಡಿ ನಿಂತಿತ್ತು, ಅಂದರೆ ಕರಡಿ ವೇಷ ಹಾಕಿಕೊಂಡ ಯಾರೋ ಒಬ್ಬರು. ಮಗಳು ಕಿರುಚಲಿಲ್ಲ. ನನ್ನ ಹೆಗಲಿಗೆ ಮುಖ ಒತ್ತಿಕೊಂಡು, ಎರಡೂ ಕಾಲನ್ನು ಮೇಲಕ್ಕೆಳೆದು ನನ್ನ ಸೊಂಟಕ್ಕೆ ಸುತ್ತಿಬಿಟ್ಟಳು. ನೆಲ ಒದ್ದೆಯಾದರೆ ಬೆಕ್ಕು ಮೇಲೇರುತ್ತದಲ್ಲ, ಹಾಗೆ. ಒಂದು ನಿಮಿಷದೊಳಗೆ ನನಗೆ ಮೂರು ಸಲಹೆ ಬಂದವು. "ಹತ್ತಿರ ಕರ್ಕೊಂಡ್ಹೋಗಿ ಮುಟ್ಟಿಸಿ, ಭಯ ಬಿಟ್ಟುಹೋಗುತ್ತೆ." "ಪಾಪ, ಹೊರಗೆ ಕರ್ಕೊಂಡು ಹೋಗಿಬಿಡಿ." "ಒಳಗಿರೋದು ಮನುಷ್ಯ ಅಂತ ಹೇಳಿ, ಅಷ್ಟೇ." ಮೂವರೂ ಮಕ್ಕಳನ್ನು ಬೆಳೆಸಿದವರೇ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಿಲ್ಲ.

ಅವತ್ತು ನಾನು ಮೂರನ್ನೂ ಮಾಡಿದೆ, ಅದೂ ಇದೇ ಕ್ರಮದಲ್ಲಿ. ಮೊದಲು ಹತ್ತಿರ ಹೋದೆ, ಅವಳು ಅತ್ತಳು. ಹೊರಗೆ ಬಂದೆ, ಸುಮ್ಮನಾದಳು. ಒಳಗಿರುವುದು ಒಬ್ಬ ಅಣ್ಣ ಅಂತ ವಿವರಿಸಿದೆ. ಅದಾದ ಮೇಲೆ ಹೊಸ ಅಳು ಶುರುವಾಯಿತು: "ಕರಡಿ ಅಣ್ಣನ್ನ ತಿಂದ್ಬಿಟ್ಟಿದ್ಯಾ?"

ಆಮೇಲೆ ಐದಾರು ತಿಂಗಳು ಈ ವಿಷಯ ಓದಿದೆ, ಮನೆಯಲ್ಲಿ ಮಾಡಿ ನೋಡಿದೆ, ಕೆಲವು ಸಲ ಎಡವಿದೆ. ಇದೇ ಪಾಡಿನಲ್ಲಿರುವವರಿಗೆ ಯಾವ ದಾರಿ ಯಾವ ಮಗುವಿಗೆ, ಎಷ್ಟು ದಿನ ಕೈಯಲ್ಲಿದ್ದರೆ, ಎಂಬುದನ್ನು ಅಕ್ಕಪಕ್ಕ ಇಟ್ಟು ಹೇಳುತ್ತೇನೆ.

ಹೆದರಿದ್ದು ಯಾವುದಕ್ಕೆ ಅಂತ ಮೊದಲು ನೋಡಿ

"ವೇಷಕ್ಕೆ ಹೆದರ್ತಾಳೆ" ಅನ್ನುವುದು ನಮ್ಮ ಮಾತು. ಮಗುವಿನ ಲೆಕ್ಕ ಬೇರೆ ಇರುತ್ತದೆ. ಅವತ್ತು ರಾತ್ರಿ ದೀಪ ಆರಿಸಿದ ಮೇಲೆ ಮಗಳು ಕೇಳಿದಳು: "ಅಮ್ಮಾ, ಅದು ಕಣ್ಣೇ ಮುಚ್ಚಲ್ವಾ?" ನಾನು ಕರಡಿಯ ಗಾತ್ರಕ್ಕೆ ಹೆದರಿದ್ದಾಳೆ ಅಂದುಕೊಂಡಿದ್ದೆ. ಇವಳು ನನ್ನ ಹೆಗಲ ಸಂದಿಯಿಂದ ಇಣುಕಿ, ಅದು ಯಾವಾಗ ಕಣ್ಣು ಮಿಟುಕಿಸುತ್ತದೆ ಅಂತ ಕಾದಿದ್ದಳು. ಅದು ಮಿಟುಕಿಸಲೇ ಇಲ್ಲ.

ಯೋಚಿಸಿದರೆ ಇದು ಸಣ್ಣ ವಿಷಯವಲ್ಲ. ಮಗು ಹುಟ್ಟಿದಾಗಿನಿಂದ ಓದುವ ಮೊದಲ ಪುಸ್ತಕ ಎದುರಿನವರ ಮುಖ. 1978ರಲ್ಲಿ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ತಾಯಂದಿರು ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಕೂಸಿನ ಎದುರು ಕೂತಿದ್ದರು. ಕೂಸುಗಳು ಮೊದಲು ನಕ್ಕು ಕರೆದು ನೋಡಿದವು, ಉತ್ತರ ಬರದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋದವು. ಸ್ವಂತ ತಾಯಿಯ ಮುಖ ಅಲುಗದಿದ್ದರೇ ಹೀಗೆ. ವೇಷದ ಗೊಂಬೆಯ ಮುಖದಲ್ಲಂತೂ ಒಂದು ನಗು ಅಚ್ಚೊತ್ತಿರುತ್ತದೆ. ಮಗು ಅತ್ತರೂ ಅದು ನಗುತ್ತಲೇ ಇರುತ್ತದೆ. ಮಗುವಿನ ಕಡೆಯಿಂದ ನೋಡಿ: ನಾನು ಅಳುತ್ತಿದ್ದೇನೆ, ಇದು ನನ್ನನ್ನೇ ನೋಡಿ ನಗುತ್ತಿದೆ.

ಎಲ್ಲ ಮಕ್ಕಳೂ ಮುಖಕ್ಕೇ ಹೆದರುತ್ತಾರೆಂದಲ್ಲ. ನಮ್ಮ ಅಕ್ಕನ ಮಗನಿಗೆ ಮುಖವಾಡ ಅಂದರೆ ಪ್ರಾಣ, ತಾನೇ ಹಾಕಿಕೊಂಡು ಮನೆಯೆಲ್ಲ ಸುತ್ತುತ್ತಾನೆ. ಅವನಿಗೆ ಆಗದ್ದು ಒಂದೇ, ಕೇಳದೆ ಬಂದು ತಬ್ಬಿಕೊಳ್ಳುವುದು. ಅವನಿಗೆ ವಾರಗಟ್ಟಲೆ ಅಭ್ಯಾಸ ಏನೂ ಬೇಕಾಗಲಿಲ್ಲ. "ಮುಟ್ಟಬೇಡಿ, ದೂರದಿಂದ ಕೈ ಬೀಸಿ" ಅಂತ ವೇಷದವರಿಗೆ ನಾವು ಮೊದಲೇ ಹೇಳಿದರೆ ಸಾಕು.

"ಯಾಕೆ ಹೆದರಿಕೆ?" ಅಂತ ಕೇಳಿದರೆ ಮೂರು ವರ್ಷದ ಮಗುವಿಗೆ ಹೇಳಲು ಬರುವುದಿಲ್ಲ. ಅದರ ಮೈ ಹೇಳುತ್ತದೆ. ಕಿವಿ ಮುಚ್ಚಿಕೊಂಡರೆ ಹಾಡು, ಗದ್ದಲ. ಬೆರಳ ಸಂದಿಯಿಂದ ನೋಡುತ್ತಿದ್ದರೆ ಬಹುಮಟ್ಟಿಗೆ ಮುಖ, ಮತ್ತು ಅದರ ಜೊತೆ ಕುತೂಹಲವೂ ಇದೆ ಅಂತ ತಿಳಿಯಿರಿ, ಅದು ಒಳ್ಳೆಯ ಸೂಚನೆ. ನಿಂತಿದ್ದಾಗ ಸುಮ್ಮನಿದ್ದು, ಗೊಂಬೆ ನಡೆಯತೊಡಗಿದ ಕೂಡಲೇ ಅತ್ತರೆ ಚಲನೆ. ದೂರದಲ್ಲಿ ಆರಾಮಾಗಿದ್ದು, ಅದು ತೋಳು ಚಾಚಿದ ಗಳಿಗೆಯಲ್ಲಿ ಸೆಟೆದುಕೊಂಡರೆ ಸ್ಪರ್ಶ. ಮನೆಗೆ ಬಂದ ಮೇಲೆ ಎರಡು ದಿನ ಅದರ ಆಟವನ್ನೂ ಗಮನಿಸಿ. ಯಾವುದನ್ನು ಪದೇಪದೇ ಆಡುತ್ತದೋ ಸಂಗತಿ ಅಲ್ಲೇ ಇರುತ್ತದೆ.

ಬಲವಂತ: ಇದೊಂದನ್ನು ಪಟ್ಟಿಯಿಂದಲೇ ತೆಗೆದುಬಿಡಿ

ಎತ್ತಿಕೊಂಡು ಹೋಗಿ ಮುಟ್ಟಿಸುವುದು, ಅಳುತ್ತಿದ್ದರೂ ತೊಡೆ ಮೇಲೆ ಕೂರಿಸಿ ಫೋಟೋ ತೆಗೆಸುವುದು, "ನೋಡು, ತಂಗಿ ಹೆದರಲ್ಲ, ನೀನು ಹೆದರ್ತೀಯಾ" ಅಂತ ಛೇಡಿಸುವುದು, ಇವೆಲ್ಲ ಒಂದೇ ಗುಂಪು. ಇದು ಕೆಲಸ ಮಾಡಿತು ಅಂತ ಹೇಳುವವರು ಇದ್ದಾರೆ, ಸುಳ್ಳು ಹೇಳುತ್ತಿಲ್ಲ. ಮಗು ಸ್ವಲ್ಪ ಹೊತ್ತಿಗೆ ಸುಮ್ಮನಾಗುತ್ತದೆ, ನಿಜ. ಸುಮ್ಮನಾಗುವುದೂ ಸಮಾಧಾನವಾಗುವುದೂ ಬೇರೆ ಬೇರೆ. ಮಕ್ಕಳ ಭಯ ಅಳುವಿನಲ್ಲಿ, ಹಟದಲ್ಲಿ ಕಾಣುವಂತೆ, ಮರಗಟ್ಟಿ ನಿಲ್ಲುವುದರಲ್ಲೂ ಅಂಟಿಕೊಳ್ಳುವುದರಲ್ಲೂ ಕಾಣುತ್ತದೆ. ಅಲ್ಲಾಡದೆ ಕೂತ ಮಗುವಿನ ಫೋಟೋವನ್ನು ಆಮೇಲೆ ಮನೆಯಲ್ಲಿ ದೊಡ್ಡದು ಮಾಡಿ ನೋಡಿ. ನನ್ನ ಫೋನಿನಲ್ಲಿ ಅಂಥದೊಂದು ಇದೆ. ಮಗಳ ಹೆಬ್ಬೆರಳು ಮುಷ್ಟಿಯೊಳಗೆ ಸಿಕ್ಕಿಕೊಂಡಿದೆ, ಬೆರಳ ಗೆಣ್ಣುಗಳು ಬೆಳ್ಳಗಾಗಿವೆ. ಆ ಹೊತ್ತಿನಲ್ಲಿ ನನಗೆ ಕಂಡಿದ್ದು ಅವಳು ಅಳು ನಿಲ್ಲಿಸಿದ್ದು ಮಾತ್ರ.

ಬಲವಂತದಲ್ಲಿ ಮಗು ಕಲಿಯುವುದು "ಕರಡಿ ಏನೂ ಮಾಡಲ್ಲ" ಅಂತ ಅಲ್ಲ. "ನಾನು ಹೆದರಿದಾಗ ಅಮ್ಮನೇ ನನ್ನನ್ನು ಹಿಡಿದು ಅದರ ಮುಂದಿಡುತ್ತಾಳೆ" ಅಂತ. ಇದರ ಮೇಲೆ ಮುಂದಿನ ಯಾವ ದಾರಿಯನ್ನೂ ಕಟ್ಟಲಾಗುವುದಿಲ್ಲ, ಏಕೆಂದರೆ ಮಿಕ್ಕ ಎಲ್ಲ ದಾರಿಗಳಿಗೂ ಬಂಡವಾಳ ಅಂದರೆ ನಿಮ್ಮ ಮೇಲಿನ ನಂಬಿಕೆಯೇ.

ಭಯಕ್ಕೆ ಹರಡುವ ಗುಣವೂ ಇದೆ. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬವರು, ಇಂದು ಯಾರೂ ಒಪ್ಪದಂಥ ಪ್ರಯೋಗವೊಂದರಲ್ಲಿ, ಹನ್ನೊಂದು ತಿಂಗಳ ಕೂಸಿಗೆ ಬಿಳಿ ಇಲಿಯನ್ನು ತೋರಿಸಿದಾಗೆಲ್ಲ ದೊಡ್ಡ ಸದ್ದು ಮಾಡಿ ಭಯ ಹುಟ್ಟಿಸಿದ್ದರು. ಆ ಭಯ ಇಲಿಯಲ್ಲೇ ನಿಲ್ಲಲಿಲ್ಲ. ಮೊಲಕ್ಕೂ, ಬಿಳಿ ಗಡ್ಡದ ಸಾಂಟಾ ಮುಖವಾಡಕ್ಕೂ ಆ ಮಗು ಬೆಚ್ಚಿತು. ನಮ್ಮ ಮಗಳಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಕಂಡೆ. ಕರಡಿಯ ಮುಂದೆ ಒತ್ತಾಯಿಸಿ ನಿಲ್ಲಿಸಿದ ಮೇಲೆ ಎರಡು ವಾರ ಬಟ್ಟೆ ಅಂಗಡಿಯ ಬೊಂಬೆಗಳ ಮುಂದೆಯೂ ಅವಳು ಹಾಯುತ್ತಿರಲಿಲ್ಲ.

ದೂರ ಇಡುವುದು: ತಪ್ಪೂ ಅಲ್ಲ, ಮದ್ದೂ ಅಲ್ಲ

ಎರಡು ವರ್ಷದೊಳಗಿನ ಮಗುವಾದರೆ ನನ್ನ ಮಾತು ಸರಳ: ದೂರ ಇಡಿ, ತಲೆ ಕೆಡಿಸಿಕೊಳ್ಳಬೇಡಿ. ಆ ವಯಸ್ಸಿನಲ್ಲಿ ಅಪರಿಚಿತರಿಗೆ ಅಳುವುದೇ ಆರೋಗ್ಯದ ಲಕ್ಷಣ, ಆರಡಿ ಎತ್ತರದ ರೋಮದ ಅಪರಿಚಿತ ಬಂದರೆ ಕೇಳಬೇಕೇ. ಮುಂದಿನ ವಾರವೇ ಒಂದು ಸಮಾರಂಭ ಇದೆ, ಅಲ್ಲಿ ವೇಷದವರು ಇರುತ್ತಾರೆ, ಅಭ್ಯಾಸಕ್ಕೆ ಸಮಯವಿಲ್ಲ ಎಂದಾದರೂ ತಪ್ಪಿಸಿ.

ತೊಂದರೆ ಇರುವುದು ಇದನ್ನೇ ಕಾಯಂ ಮಾಡಿಕೊಂಡಾಗ. ತಪ್ಪಿಸಿಕೊಂಡ ಪ್ರತಿ ಸಲವೂ ಮಗುವಿಗೆ "ಅಬ್ಬಾ, ಬಚಾವಾದೆ" ಅನಿಸುತ್ತದೆ, ಆ ನೆಮ್ಮದಿಯೇ ಮುಂದಿನ ಸಲ ಇನ್ನೂ ಬೇಗ ಓಡುವಂತೆ ಮಾಡುತ್ತದೆ. ಕ್ರಮೇಣ ಪಾರ್ಟಿ ಬೇಡ, ಮಾಲ್ ಬೇಡ, ಆ ರಸ್ತೆ ಬೇಡ ಅಂತ ವಠಾರವೇ ಕಿರಿದಾಗುತ್ತದೆ. ಹಾಗಾಗಿ ತಪ್ಪಿಸುವುದಾದರೆ "ಇವತ್ತು ಬೇಡ" ಅಂತ ತಪ್ಪಿಸಿ. "ಇನ್ನು ಯಾವತ್ತೂ ಬೇಡ ಕಂದಾ" ಅಂತ ಭಾಷೆ ಕೊಡಬೇಡಿ.

ಗಮನ ಬೇರೆಡೆ ಸೆಳೆಯುವುದು ಇದರ ಚಿಕ್ಕ ತಮ್ಮ. "ಅಲ್ನೋಡು ಬಲೂನು!" ಅಂತ ಆ ಹತ್ತು ನಿಮಿಷ ದಾಟಬಹುದು. ಬಾಗಿಲು ದಾಟಿ ಒಳಗೆ ಹೋಗಲು ಸಾಕು, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

"ಒಳಗೆ ಮನುಷ್ಯ ಇದ್ದಾನೆ" ಅನ್ನುವ ವಿವರಣೆ

ದೊಡ್ಡವರಿಗೆ ಇದಕ್ಕಿಂತ ಸಲೀಸಾದ ಉತ್ತರ ಇನ್ನೊಂದಿಲ್ಲ ಅನಿಸುತ್ತದೆ. ಅದು ನಿಜವೂ ಹೌದು. ಆದರೆ ನಿಜ ಹೇಳುವುದಕ್ಕೂ ಅದು ಮಗುವಿನ ತಲೆಗೆ ಹೋಗುವುದಕ್ಕೂ ನಡುವೆ ಎರಡು ಮೂರು ವರ್ಷದ ದೂರ ಇದೆ.

1969ರಲ್ಲಿ ರೀಟಾ ಡಿವ್ರೀಸ್ ಎಂಬ ಸಂಶೋಧಕಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕನ್ನಡಿ ಹಿಡಿದಂತಿದೆ. ಮೇನಾರ್ಡ್ ಎಂಬ ಸಾಧು ಬೆಕ್ಕು. ಮೂರರಿಂದ ಆರು ವರ್ಷದ ಮಕ್ಕಳು ಅದನ್ನು ಮೊದಲು ಮುಟ್ಟಿ ಮುದ್ದಿಸಿದರು. ಆಮೇಲೆ ಬೆಕ್ಕಿನ ತಲೆಯ ಭಾಗವನ್ನು ಪರದೆಯ ಹಿಂದೆ ಮರೆಮಾಡಿ, ಅದಕ್ಕೊಂದು ನಾಯಿಯ ಮುಖವಾಡ ತೊಡಿಸಿದರು. ಬಾಲದ ಕಡೆಯ ಅರ್ಧ ಮಕ್ಕಳ ಕಣ್ಣೆದುರೇ ಇತ್ತು. ಆದರೂ ಮೂರು ವರ್ಷದ ಬಹಳಷ್ಟು ಮಕ್ಕಳ ಪಾಲಿಗೆ ಅದೀಗ ನಾಯಿ. ಆರು ವರ್ಷದವರು ಹೆಚ್ಚಿನವರು, ಮುಖವಾಡ ಹಾಕಿದ ಮಾತ್ರಕ್ಕೆ ಬೆಕ್ಕು ನಾಯಿಯಾಗುವುದಿಲ್ಲ ಅಂದರು.

ಇದನ್ನು ಓದಿದ ಮೇಲೆ ನನ್ನ ಮಗಳ "ಅಣ್ಣನ್ನ ತಿಂದ್ಬಿಟ್ಟಿದ್ಯಾ?" ಪ್ರಶ್ನೆ ತಮಾಷೆಯಾಗಿ ಉಳಿಯಲಿಲ್ಲ. ಅವಳ ಮಟ್ಟಿಗೆ ಕರಡಿ ಕರಡಿಯೇ. ಅದರೊಳಗೆ ಅಣ್ಣ ಇದ್ದಾನೆ ಅಂದರೆ ಅವನು ಹೊಟ್ಟೆಯಲ್ಲೇ ಇರಬೇಕು ತಾನೇ?

ಐದು ದಾಟಿದ ಮಗುವಾದರೆ ವಿವರಣೆಯಿಂದಲೇ ಶುರು ಮಾಡಿ. ಒಳಗಿನವರಿಗೆ ಸೆಕೆಯಾಗುತ್ತದೆ, ಅವರು ಬಾಯಿಯ ಜಾಗದ ಜಾಲರಿಯಿಂದ ಹೊರಗೆ ನೋಡುತ್ತಾರೆ, ಮಾತಾಡಬಾರದು ಅಂತ ಅವರಿಗೆ ನಿಯಮ ಇರುತ್ತದೆ, ಇಂಥ ಒಳಗುಟ್ಟುಗಳು ಆ ವಯಸ್ಸಿಗೆ ಬಲು ಇಷ್ಟ. ಮೂರರ ಮಗುವಿಗೆ ವಿವರಣೆ ಮಾತಿನಲ್ಲಿ ಬೇಡ, ಕಣ್ಣಿಗೆ ಕಾಣುವ ಹಾಗೆ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಕಡೆ ವೇಷದವರು ಒಳ್ಳೆಯ ಮನಸ್ಸಿನಿಂದ, ಅಳುವ ಮಗುವಿನ ಮುಂದೆ ಗೊಂಬೆಯ ತಲೆಯನ್ನೇ ತೆಗೆದು ತೋರಿಸುತ್ತಾರೆ. ಸಣ್ಣ ಮಗುವಿಗೆ ಇದು ಇನ್ನೂ ದೊಡ್ಡ ಆಘಾತ ಆಗಬಹುದು. ಒಂದು ಪ್ರಾಣಿಯ ತಲೆ ಕಿತ್ತು ಕೈಗೆ ಬಂತು ಅಂತ ಅದು ನೋಡುತ್ತಿದೆ. ಕ್ರಮವನ್ನು ತಿರುಗಿಸಿ. ಮನುಷ್ಯನ ಮುಖದಿಂದ ಶುರುವಾಗಲಿ, ವೇಷ ಆಮೇಲೆ ಏರಲಿ. ಪರಿಚಯದ ಒಬ್ಬರು ಮಗುವಿನೆದುರು ಮಾತಾಡುತ್ತಲೇ ಒಂದು ಕೈಗವಸು, ಆಮೇಲೆ ಇನ್ನೊಂದು, ಆಮೇಲೆ ಅಂಗಿ, ಕಟ್ಟಕಡೆಗೆ ಮುಖ ಹಾಕಿಕೊಳ್ಳಲಿ, ಒಳಗಿನಿಂದಲೂ ಮಾತು ನಿಲ್ಲಿಸದಿರಲಿ. ದನಿ ಕಡಿಯದೆ ಇದ್ದರೆ ಮನುಷ್ಯನೂ ಕಳೆದುಹೋಗುವುದಿಲ್ಲ.

ನೂರು ವರ್ಷದ ಹಿಂದಿನ ಹೋಲಿಕೆ

ಇಷ್ಟರಲ್ಲಿ ಉಳಿದದ್ದು ಮೂರು ದಾರಿ: ಮೆಲ್ಲಗೆ ಹತ್ತಿರವಾಗುವುದು, ಬೇರೆ ಮಕ್ಕಳನ್ನು ನೋಡಿ ಕಲಿಯುವುದು, ಮನೆಯಲ್ಲಿ ಆಡುವುದು. ನನ್ನ ಒಲವು ಈ ಮೂರರ ಕಡೆಗೇ, ಅದಕ್ಕೆ ಕಾರಣ ಮೇರಿ ಕವರ್ ಜೋನ್ಸ್.

ಅಮೆರಿಕದ ಈ ಮನೋವಿಜ್ಞಾನಿ 1924ರಲ್ಲಿ, ಮಕ್ಕಳ ಭಯ ಬಿಡಿಸಲು ಜನ ಬಳಸುವ ವಿಧಾನಗಳನ್ನೇ ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದರು. ದೂರ ಇಟ್ಟು ಮರೆಸುವುದು, ಮಾತಿನಲ್ಲಿ ತಿಳಿಹೇಳುವುದು, ಮತ್ತೆ ಮತ್ತೆ ಎದುರಿಗಿಡುವುದು, ಹಂಗಿಸಿ ಅದುಮುವುದು, ಗಮನ ಸೆಳೆಯುವುದು, ಇಷ್ಟವಾದದ್ದರ ಜೊತೆ ಜೋಡಿಸಿ ಮೆಲ್ಲಗೆ ಹತ್ತಿರ ತರುವುದು, ಹೆದರದ ಮಕ್ಕಳ ಜೊತೆ ಬಿಡುವುದು. ನಮಗೆ ಇವತ್ತಿಗೂ ಸಿಗುವ ಸಲಹೆಗಳು ಈ ಏಳರೊಳಗೇ ಬಂದುಬಿಡುತ್ತವೆ. ಅವರಿಗೆ ನಿಸ್ಸಂಶಯವಾಗಿ ಫಲ ಕೊಟ್ಟದ್ದು ಕಡೆಯ ಎರಡು.

ಪೀಟರ್ ಅಂತ ಕರೆಯಲಾದ, ಮೂರಕ್ಕೆ ಎರಡು ತಿಂಗಳು ಕಮ್ಮಿ ಇದ್ದ ಹುಡುಗನ ಕತೆ ಅವರದೇ. ಅವನಿಗೆ ಮೊಲ ಅಂದರೆ ಭಯ. ಪಂಜರದಲ್ಲಿ ಮೊಲ ಕೋಣೆಯ ಯಾವ ಮೂಲೆಯಲ್ಲಿದ್ದರೂ ಅಳುತ್ತಿದ್ದ. ಅವನಿಗಿಷ್ಟವಾದದ್ದನ್ನು ತಿನ್ನುವಾಗ ಮೊಲವನ್ನು ದೂರದಲ್ಲಿಟ್ಟು, ಅವನಿಗೆ ಸಹಿಸುವಷ್ಟೇ ಹತ್ತಿರ ತಂದರು. ಮೊದಲು ಹನ್ನೆರಡು ಅಡಿ ದೂರ, ಆಮೇಲೆ ನಾಲ್ಕು ಅಡಿ, ಮೂರು ಅಡಿ, ಆಮೇಲೆ ಪಕ್ಕದಲ್ಲೇ ಪಂಜರ, ಆಮೇಲೆ ಕೋಣೆಯಲ್ಲಿ ಬಿಟ್ಟ ಮೊಲ. ಕೊನೆಯ ಮೆಟ್ಟಿಲು, ಮೊಲ ತನ್ನ ಬೆರಳು ಮೆಲ್ಲಲು ಬಿಡುವುದು. ನಡುವೆ ಅವನಿಗೆ ಜ್ವರ ಬಂದು ಎರಡು ತಿಂಗಳು ಆಸ್ಪತ್ರೆ ಸೇರಿದ್ದ, ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿ ಕಲಿತದ್ದೆಲ್ಲ ನೀರಲ್ಲಿ ಹೋಮವಾಗಿತ್ತು. ಮತ್ತೆ ಮೊದಲಿನಿಂದ ಹತ್ತಿಸಿದರು, ಮತ್ತೆ ಹತ್ತಿದ. ಹಿಂದೆ ಜಾರಿದ ಮಗುವನ್ನು ಕಂಡು ಎದೆಗುಂದುವ ಅಪ್ಪ ಅಮ್ಮಂದಿರಿಗೆ ಈ ಭಾಗ ಕತೆಯ ಉಳಿದ ಭಾಗಕ್ಕಿಂತ ಉಪಯೋಗದ್ದು.

ಮೆಟ್ಟಿಲು ಮೆಟ್ಟಿಲಾಗಿ ಹತ್ತಿರವಾಗುವುದು

ಯಾರಿಗೆ: ಮೂರರಿಂದ ಆರೇಳು ವರ್ಷ, ಮುಖಕ್ಕೆ ಅಥವಾ ಗಾತ್ರಕ್ಕೆ ಹೆದರುವ ಮಕ್ಕಳಿಗೆ. ಎಷ್ಟು ಸಮಯ: ಎರಡು ವಾರ ಅಂದರೆ ಬಿಗಿ, ಒಂದೆರಡು ತಿಂಗಳಿದ್ದರೆ ಲೇಸು.

ಮೊದಲ ಮೆಟ್ಟಿಲು ಚಿತ್ರ. ವೇಷದ ಗೊಂಬೆಯ ಚಿತ್ರ ಫೋನಿನಲ್ಲಿ ತೋರಿಸಿ, ಫೋನು ಮಗುವಿನ ಕೈಗೇ ಕೊಡಿ. ಎರಡನೆಯದು ವಿಡಿಯೋ, ಸದ್ದಿಲ್ಲದೆ. ನಿಲ್ಲಿಸುವ ಗುಂಡಿ ಮಗುವಿನ ಬೆರಳಡಿಯಲ್ಲಿರಲಿ. ಕರಡಿಯನ್ನು ತಾನೇ ನಿಲ್ಲಿಸಬಹುದು, ತಾನೇ ಓಡಿಸಬಹುದು ಅಂತ ಗೊತ್ತಾದ ದಿನ ನನ್ನ ಮಗಳು ಅದನ್ನು ಹನ್ನೊಂದು ಸಲ ನಿಲ್ಲಿಸಿದಳು, ನಾನೂ ಎಣಿಸಿದೆ. ಆಮೇಲೆ ಸದ್ದಿನ ಜೊತೆ. ಆಮೇಲೆ ಯಾರಾದರೂ ವೇಷ ಹಾಕಿಕೊಳ್ಳುವುದನ್ನು ಮೊದಲಿಂದ ತೋರಿಸುವ ವಿಡಿಯೋ.

ನಿಜವಾದ ವೇಷದ ಮೆಟ್ಟಿಲಲ್ಲಿ ಅಳತೆ ಒಂದೇ, ದೂರ. ಹಾಲ್‌ನ ಆ ತುದಿಯಲ್ಲಿ ಗೊಂಬೆ, ಈ ತುದಿಯಲ್ಲಿ ನೀವು, ಮಗುವಿನ ಕೈಯಲ್ಲಿ ಅದಕ್ಕಿಷ್ಟವಾದ ಏನಾದರೂ ಆಟ ಅಥವಾ ತಿಂಡಿ. "ಇಲ್ಲಿಂದ ನೋಡೋಣ್ವಾ, ಇನ್ನೊಂದು ಹೆಜ್ಜೆ ಮುಂದೆ ಹೋಗೋಣ್ವಾ?" ಹೆಜ್ಜೆ ಇಡುವುದೋ ಬಿಡುವುದೋ ಮಗುವೇ ಹೇಳಲಿ. ಹಿಂದೆ ಬರಬೇಕು ಅಂದರೆ ಬನ್ನಿ. ಅಳು ಬರುವ ಮೊದಲೇ, ಮಗು ಇನ್ನೂ ನಿರಾಳವಾಗಿದ್ದಾಗಲೇ ಅವತ್ತಿನ ಪಾಠ ಮುಗಿಸಿ. ಇದು ಹೇಳಿದಷ್ಟು ಸುಲಭವಲ್ಲ. ಚೆನ್ನಾಗಿ ಹೋಗುತ್ತಿದೆ ಅನಿಸಿದಾಗಲೇ "ಇನ್ನೊಂದ್ಸ್ವಲ್ಪ" ಅನ್ನುವ ಆಸೆ ನಮಗೆ ಹುಟ್ಟುತ್ತದೆ, ನಾನು ಎರಡು ಸಲ ಎಡವಿದ್ದು ಆ "ಇನ್ನೊಂದ್ಸ್ವಲ್ಪ"ದಲ್ಲೇ.

ಈ ದಾರಿಯ ಕೊರತೆಯೂ ಅಲ್ಲೇ ಇದೆ. ವೇಷದ ಗೊಂಬೆ ಮೊಲವಲ್ಲ, ಪಂಜರದಲ್ಲಿ ಕೂರುವುದಿಲ್ಲ. ನೀವು ಹನ್ನೆರಡು ಅಡಿ ಅಂತ ಲೆಕ್ಕ ಹಾಕಿಕೊಂಡು ನಿಂತಿದ್ದರೆ, ಅದು ತಾನೇ ಖುಷಿಯಿಂದ ಕುಣಿಯುತ್ತ ಎದುರಿಗೆ ಬಂದುಬಿಡುತ್ತದೆ. ಹಾಗಾಗಿ ವೇಷದವರ ಜೊತೆಗೆ ಇರುವ ಸಹಾಯಕರನ್ನು ಮೊದಲೇ ಮಾತಾಡಿಸದೆ ಈ ಅಭ್ಯಾಸಕ್ಕೆ ಇಳಿಯಬೇಡಿ.

ಬೇರೆ ಮಕ್ಕಳನ್ನು ನೋಡಿ

1967ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಜೊತೆಗಾರರು ನಾಯಿಗೆ ಹೆದರುವ ಮೂರರಿಂದ ಐದು ವರ್ಷದ ಮಕ್ಕಳಿಗೆ, ಹೆದರದ ಒಂದು ಮಗು ನಾಯಿಯ ಜೊತೆ ಆಡುವುದನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಾಗಿ ತೋರಿಸಿದರು. ನೋಡಿದ ಮಕ್ಕಳ ಹೆದರಿಕೆ ಗಣನೀಯವಾಗಿ ಇಳಿಯಿತು. ಮರುವರ್ಷ ಇದೇ ಕೆಲಸವನ್ನು ಸಿನಿಮಾ ತೋರಿಸಿಯೂ ಮಾಡಿದರು.

ಖರ್ಚಿಲ್ಲದ, ಕಷ್ಟವಿಲ್ಲದ ದಾರಿ ಇದು. ಆದರೆ ಇದನ್ನು ಕೆಡಿಸುವುದು ಬಲು ಸುಲಭ, "ನೋಡು ಅವನನ್ನ, ಹೇಗೆ ಕೈ ಕುಲುಕ್ತಿದ್ದಾನೆ!" ಅಂದರೆ ಸಾಕು. ಆ ಕ್ಷಣಕ್ಕೆ ನೋಡುವ ಆಟ ಹೋಗಿ ಪರೀಕ್ಷೆ ಬಂತು. ಏನೂ ಹೇಳದೆ, ದೂರದಲ್ಲಿ ಕೂತು, ಜೊತೆಗೆ ನೋಡಿ. ವಯಸ್ಸಿನಲ್ಲಿ ಹತ್ತಿರದ ಮಗುವಾದರೆ ಒಳ್ಳೆಯದು, ಎಗರಾಡುವ ಧೈರ್ಯಶಾಲಿಗಿಂತ, ಮೊದಲು ಅಳುಕಿ ಆಮೇಲೆ ಕೈ ಮುಂದೆ ಮಾಡುವ ಮಗು ಇನ್ನೂ ಒಳ್ಳೆಯದು. ಮೆಟ್ಟಿಲಿನ ದಾರಿಗೆ ಹೋಲಿಸಿದರೆ ಇದರಲ್ಲಿ ಮಗುವಿಗೆ ಶ್ರಮ ಕಡಿಮೆ, ನಮಗೆ ಹಿಡಿತ ಕಡಿಮೆ. ನಾನು ಎರಡನ್ನೂ ಬೆರೆಸುತ್ತೇನೆ, ಹನ್ನೆರಡು ಅಡಿಯ ದೂರದಲ್ಲಿ ಕೂತು ನೋಡಲು ಏನಾದರೂ ಬೇಕಲ್ಲ, ಆ ಬೇರೆ ಮಕ್ಕಳೇ ಆಗಲಿ.

ಮಗು ನೋಡುವ ಮುಖಗಳಲ್ಲಿ ನಿಮ್ಮದೂ ಒಂದು. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವರ್ಷದ ಕೂಸುಗಳನ್ನು ಗಾಜಿನ ಮೇಲೆ ಬಿಟ್ಟಿದ್ದರು, ಕೆಳಗೆ ಮೆಟ್ಟಿಲಿನಂಥ ಇಳುಕು ಕಾಣುತ್ತಿತ್ತು. ಆಚೆ ಬದಿಯ ತಾಯಿ ನಗುಮುಖ ತೋರಿದಾಗ 19 ಕೂಸುಗಳಲ್ಲಿ 14 ದಾಟಿ ಬಂದವು. ತಾಯಿ ಹೆದರಿದ ಮುಖ ತೋರಿದ 17ರಲ್ಲಿ ಒಂದೂ ದಾಟಲಿಲ್ಲ. ಗೊಂಬೆ ಕಂಡ ಕೂಡಲೇ "ಅಯ್ಯೋ, ಈಗ ಅಳ್ತಾಳೆ" ಅಂತ ನಮ್ಮ ಮುಖ ಬಿಗಿಯುತ್ತದಲ್ಲ, ಮಗು ಅದನ್ನು ನಮಗಿಂತ ಮುಂಚೆ ಓದಿ ಮುಗಿಸಿರುತ್ತದೆ.

ಮನೆಯ ಆಟ

ನನ್ನನ್ನು ಕೇಳಿದರೆ ಮೂರು ನಾಲ್ಕರ ಮಕ್ಕಳಿಗೆ ಶುರು ಮಾಡಬೇಕಾದ್ದು ಇಲ್ಲಿಂದ. ಹಿಡಿತ ಪೂರ್ತಿ ನಿಮ್ಮದು, ಹೊರಗಿನವರ ಹಂಗಿಲ್ಲ, ದಿನಕ್ಕೆ ಐದು ನಿಮಿಷ ಸಾಕು.

ನಮ್ಮಲ್ಲಿ ಒಂದು ರಟ್ಟಿನ ತಟ್ಟೆಗೆ ಎರಡು ತೂತು ಮಾಡಿ, ಸ್ಕೆಚ್ ಪೆನ್ನಿನಲ್ಲಿ ಮೂಗು ಬರೆದೆವು. ಬರೆದದ್ದು ಮಗಳೇ. ಅದು ಕರಡಿಯಂತೆ ಕಾಣಲಿಲ್ಲ, ಆಲೂಗಡ್ಡೆಯಂತೆ ಕಂಡಿತು. ನಮ್ಮವರು ಅದನ್ನು ಹಿಡಿದುಕೊಂಡರು, ಮುಖಕ್ಕಲ್ಲ, ಮೊದಲು ಮೊಣಕಾಲಿಗೆ. ಮೊಣಕಾಲು ಮಾತಾಡಿತು, ಅವಳು ನಕ್ಕಳು. ಮರುದಿನ ಹೆಗಲಿಗೆ ಬಂತು. ಮೂರನೆಯ ದಿನ ಅರ್ಧ ಮುಖಕ್ಕೆ, ಬಾಯಿ ಕಾಣುವ ಹಾಗೆ. ಪೂರ್ತಿ ಮುಖ ಮುಚ್ಚಿದ ದಿನ ಅವಳು ಹತ್ತಿರ ಬಂದು, ತಟ್ಟೆಯ ತೂತಿನೊಳಗೆ ಬೆರಳು ಹಾಕಿ ಅಪ್ಪನ ರೆಪ್ಪೆ ಮುಟ್ಟಿ ನೋಡಿ ಹೇಳಿದಳು, "ಮುಚ್ಚುತ್ತೆ." ಇವರ ಕಣ್ಣಲ್ಲಿ ನೀರು ಬಂತು, ಬೆರಳು ಚುಚ್ಚಿದ್ದಕ್ಕೆ.

ಕಣ್ಣು ಮುಚ್ಚದ ಭಯಕ್ಕೆ ಅವಳಿಗೆ ಬೇಕಿದ್ದ ಉತ್ತರ ಅದು. ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದರೂ ಅದು ಸಿಗುತ್ತಿರಲಿಲ್ಲ.

ಆಟದಲ್ಲಿ ಒಂದೇ ಕಟ್ಟಳೆ: ಮುಖವಾಡ ಹಾಕುವ, ತೆಗೆಯುವ ಅಧಿಕಾರ ಮಗುವಿನದು. "ತೆಗಿ" ಅಂದರೆ ಆ ಕ್ಷಣ ತೆಗೆಯಬೇಕು. ಮುಖವಾಡ ಹಾಕಿಕೊಂಡು ಬಾಗಿಲ ಹಿಂದಿನಿಂದ "ಭೌ" ಅನ್ನುವ ಚಿಕ್ಕಪ್ಪ ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಎರಡು ವಾರದ ಆಟ ಒಂದು "ಭೌ"ಗೆ ಹೋಗುತ್ತದೆ.

ಇದರ ಮಿತಿ: ಮನೆಯ ಮುಖವಾಡಕ್ಕೆ ಒಗ್ಗಿದ ಮಗು ಹೊರಗಿನ ಆಳೆತ್ತರದ ಗೊಂಬೆಗೂ ಒಗ್ಗಿಬಿಟ್ಟಿದೆ ಅಂತಲ್ಲ. ಇದು ಮೆಟ್ಟಿಲುಗಳ ಕೆಳಗಿನ ಜಗಲಿ. ಹಾಗೆಯೇ ಸದ್ದಿಗೆ, ಸ್ಪರ್ಶಕ್ಕೆ ಹೆದರುವ ಮಗುವಿಗೆ ಮುಖವಾಡದ ಆಟದಿಂದ ಹೆಚ್ಚೇನೂ ಸಿಗುವುದಿಲ್ಲ. ಸದ್ದಿಗಾದರೆ ಸ್ಪೀಕರಿನಿಂದ ದೂರದ ಜಾಗ, ಸ್ಪರ್ಶಕ್ಕಾದರೆ "ಬೇಡ" ಅಂತ ಅಂಗೈ ತೋರಿಸುವ ಅಭ್ಯಾಸ.

ಏನೂ ತಯಾರಿಯಿಲ್ಲದೆ ಎದುರಾದಾಗ

ಎತ್ತಿಕೊಳ್ಳಿ, ಅಥವಾ ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. ಗೊಂಬೆಗೆ ಬೆನ್ನು ಮಾಡಬೇಡಿ, ಬೆನ್ನ ಹಿಂದೆ ಏನಾಗುತ್ತಿದೆ ಅಂತ ಕಾಣದಿದ್ದರೆ ಭಯ ಹೆಚ್ಚು. ಮಗುವಿನ ಮುಖ ನಿಮ್ಮ ಕಡೆಗೂ, ಬೇಕಾದಾಗ ತಿರುಗಿ ನೋಡುವಂತೆಯೂ ಇರಲಿ, ನೀವು ಓರೆಯಾಗಿ ನಿಲ್ಲಿ. "ಏನೂ ಇಲ್ಲ, ಏನೂ ಇಲ್ಲ" ಅನ್ನುವುದಕ್ಕಿಂತ "ತುಂಬಾ ದೊಡ್ಡದಾಗಿದೆ ಅಲ್ವಾ? ನಾವು ಇಲ್ಲೇ ಇರೋಣ" ಅನ್ನಿ. ಮೊದಲನೆಯದು ಮಗು ಕಂಡದ್ದನ್ನು ಅಲ್ಲಗಳೆಯುತ್ತದೆ, ಎರಡನೆಯದು ಒಪ್ಪಿಕೊಂಡು ಒಂದು ಜಾಗ ಕೊಡುತ್ತದೆ.

ವೇಷದವರ ಕಡೆಗೆ ಅಂಗೈ ತೋರಿಸಿ ನಿಲ್ಲಿಸಿ. ಸಂಕೋಚ ಬೇಡ. ಗೊಂಬೆಯ ದೊಡ್ಡ ಕಣ್ಣುಗಳಿಂದ ಅವರು ನೋಡುತ್ತಿಲ್ಲ. ಬಹಳಷ್ಟು ವೇಷಗಳಲ್ಲಿ ನೋಟ ಬಾಯಿಯ ಅಥವಾ ಕತ್ತಿನ ಹತ್ತಿರದ ಸಣ್ಣ ಜಾಲರಿಯಿಂದ. ಕಾಲ ಬುಡದಲ್ಲಿ ನಿಂತು ಅಳುವ ಮಗು ಅವರಿಗೆ ಕಾಣದೇ ಇರಬಹುದು, ಸೂಕ್ಷ್ಮ ಇಲ್ಲದವರು ಅಂತ ಕೋಪಿಸಿಕೊಳ್ಳುವ ಮೊದಲು ಇದನ್ನು ನೆನೆಯಿರಿ. ಅರಿತ ವೇಷದವರು ಕೈ ಸನ್ನೆ ಕಂಡ ಕೂಡಲೇ ಕೂತುಬಿಡುತ್ತಾರೆ ಅಥವಾ ಪಕ್ಕಕ್ಕೆ ತಿರುಗುತ್ತಾರೆ, ದಿಟ್ಟಿಸುವ ಮುಖ ಬೇರೆಡೆ ಹೋದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಫೋಟೋ ಬೇಕೇ ಬೇಕು ಅನ್ನುವವರಿಗೆ: ಮಗು ಮುಂದೆ ನಿಮ್ಮ ತೋಳಲ್ಲಿ, ಗೊಂಬೆ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ. ಕ್ಯಾಮೆರಾದ ಕೋನ ಸರಿಯಾಗಿದ್ದರೆ ಪಕ್ಕದಲ್ಲೇ ನಿಂತಂತೆ ಬರುತ್ತದೆ.

ತಜ್ಞರ ಹತ್ತಿರ ಯಾವಾಗ

ಆರು ತಿಂಗಳು ದಾಟಿಯೂ ಭಯ ಇಳಿಯದಿದ್ದರೆ, ಅದರಿಂದ ಶಾಲೆ, ನಿದ್ದೆ, ಹೊರಗಿನ ಓಡಾಟ ಕೆಡುತ್ತಿದ್ದರೆ, ಇಲ್ಲದ ಕಡೆಯೂ "ಅಲ್ಲಿ ಕರಡಿ ಇರುತ್ತಾ?" ಅಂತ ದಿನವಿಡೀ ಕೇಳುತ್ತಿದ್ದರೆ ಮಕ್ಕಳ ವೈದ್ಯರಿಗೆ ಹೇಳಿ, ಅವರು ಮಕ್ಕಳ ಮನೋವಿಜ್ಞಾನಿಯ ಹತ್ತಿರ ಕಳಿಸಬಹುದು. ನಿರ್ದಿಷ್ಟ ವಸ್ತುವಿನ ಭಯವನ್ನು ರೋಗ ಅಂತ ಗುರುತಿಸಲು ಮನೋವೈದ್ಯರು ಸಾಮಾನ್ಯವಾಗಿ ಆರು ತಿಂಗಳ ಲೆಕ್ಕ ಇಟ್ಟುಕೊಳ್ಳುತ್ತಾರೆ. ಅಲ್ಲಿ ನಡೆಯುವುದೂ ಬಹುಪಾಲು ಈ ಮೆಟ್ಟಿಲಿನ ದಾರಿಯೇ, ಮೆಟ್ಟಿಲನ್ನು ಅಳೆದು ಇಡುವ ಕೈ ಮಾತ್ರ ಪಳಗಿದ್ದು. ಬೆಳಕು, ಬಟ್ಟೆಯ ಸ್ಪರ್ಶ, ಗದ್ದಲ ಎಲ್ಲಕ್ಕೂ ಮಗು ಹೀಗೇ ಬೇಸರಪಡುತ್ತದೆ ಎಂದಾದರೆ ಆರು ತಿಂಗಳು ಕಾಯಬೇಡಿ, ಅದನ್ನು ಮೊದಲೇ ತೋರಿಸಿ.

ಮಗಳಿಗೆ ಮೂರು ಮುಕ್ಕಾಲು ವರ್ಷ ಇದ್ದಾಗ ಇನ್ನೊಂದು ಹುಟ್ಟುಹಬ್ಬಕ್ಕೆ ಹೋದೆವು. ಈ ಸಲ ಮೊಲ. ನಾವು ಕೋಣೆಯ ಈಚೆ ಗೋಡೆಗೆ ಒರಗಿ ಕೂತೆವು. ಅವಳು ಅರ್ಧ ಗಂಟೆ ನನ್ನ ಮಡಿಲು ಬಿಡಲಿಲ್ಲ. ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಮೊಲದ ಕಡೆ ತಿರುಗಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದಳು. ಮೊಲ ಕೈ ಬೀಸಿತು. "ಅದಕ್ಕೆ ಬರಲ್ಲ ಅಮ್ಮ, ಒಳಗಿರೋರಿಗೆ ಬರುತ್ತೆ" ಅಂದು ಚಪ್ಪಲಿ ಹುಡುಕತೊಡಗಿದಳು.